ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಲಾಗಿನ್ ಪರದೆಗೇ ಬರುತ್ತಿದೆ (ಲಿನಕ್ಸ್ ಮಿಂಟ್ 22)

ವಿಜಯನಗರ_ಪಿಜಿ · ಶನಿವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ಗೆ ನಾನು ಹೊಸಬ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೆ. 6ನೇ ಜನರೇಷನ್ ಐ5, 8 ಜಿಬಿ ರ್‍ಯಾಮ್, 128 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಮಷೀನಿಗೆ ಬರುವುದಿಲ್ಲ, ಅದಕ್ಕೆ 8ನೇ ಜನರೇಷನ್ನಾದರೂ ಬೇಕಂತೆ. ಅಂಗಡಿಯವರೇ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್ 22 ಹಾಕಿಕೊಟ್ಟರು. ಇಷ್ಟು ದಿನ ಚೆನ್ನಾಗಿಯೇ ನಡೆಯುತ್ತಿತ್ತು.

ಇವತ್ತು ಸಂಜೆಯಿಂದ ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಬಿಡುತ್ತಲೇ ಇಲ್ಲ. ಪ್ರಾಜೆಕ್ಟ್ ರಿಪೋರ್ಟ್ ಅದರೊಳಗೇ ಇದೆ, ಸೋಮವಾರ ಕೊಡಬೇಕು. ದಯವಿಟ್ಟು ಯಾರಾದರೂ ಸಹಾಯ ಮಾಡಿ ಸರ್.

ಫಾರ್ಮ್ಯಾಟ್_ರಾಜ · 9.58

ಫಾರ್ಮ್ಯಾಟ್ ಹೊಡೆದು ಹೊಸದಾಗಿ ಇನ್‌ಸ್ಟಾಲ್ ಮಾಡು ಗುರು. ಅರ್ಧ ಗಂಟೆ ಕೆಲಸ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಕಪ್ಪು_ಪರದೆ · 10.04

ರಾಜ, ಹುಡುಗನ ರಿಪೋರ್ಟ್ ಒಳಗಿದೆ ಅಂತ ಬರೆದಿದ್ದಾನಲ್ಲ, ಓದಿಲ್ವಾ?

ಪಿಜಿ ಅವರೇ, ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಫೈಲುಗಳು ಬಹುಪಾಲು ಇದ್ದಲ್ಲೇ ಇರುತ್ತವೆ. ಮೊದಲು ಒಂದು ಪ್ರಶ್ನೆ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟು ನೋಡಿ. ಆಗ ಬೇರೆ ಥರ ಆಗುತ್ತದೆಯೇ?

ವಿಜಯನಗರ_ಪಿಜಿ · 10.09

ಹೌದು ಸರ್. ತಪ್ಪು ಕೊಟ್ಟರೆ ಪಾಸ್‌ವರ್ಡ್ ಸರಿ ಇಲ್ಲ ಅಂತ ಬರೆದು ತೋರಿಸುತ್ತದೆ. ಸರಿಯಾದದ್ದು ಕೊಟ್ಟರೆ ಏನೂ ಹೇಳದೆ ವಾಪಸ್ ಬರುತ್ತದೆ.

ಕಪ್ಪು_ಪರದೆ · 10.17

ಸರ್ ಅಲ್ಲ, ಅಕ್ಕ ಅನ್ನಿ ಸಾಕು.

ಒಳ್ಳೆ ಸುದ್ದಿ. ಅಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ. ಅದಾದ ಮೇಲೆ ಡೆಸ್ಕ್‌ಟಾಪ್ ಏಳುವ ಹೊತ್ತಿಗೆ ಏನೋ ಅಡ್ಡ ಬರುತ್ತಿದೆ. ಲಾಗಿನ್ ಆಗುವಾಗ ಸಿಸ್ಟಂ ನಿಮ್ಮ ಹೋಮ್ ಫೋಲ್ಡರಿನಲ್ಲಿ ಕೆಲವು ಸಣ್ಣ ಫೈಲುಗಳನ್ನು ಬರೆಯಬೇಕು. ಬರೆಯಲು ಆಗದಿದ್ದರೆ ಕಾರಣ ಹೇಳದೆ ಹೊರಗೆ ಕಳಿಸಿಬಿಡುತ್ತದೆ. ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು. ಡಿಸ್ಕ್ ತುಂಬಿರುತ್ತದೆ, ಇಲ್ಲವೇ ಡಾಟ್ ಎಕ್ಸ್‌ಅಥಾರಿಟಿ ಎಂಬ ಫೈಲಿನ ಒಡೆತನ ರೂಟ್‌ಗೆ, ಅಂದರೆ ಸಿಸ್ಟಂನ ಪೂರ್ಣ ಅಧಿಕಾರವಿರುವ ಖಾತೆಗೆ, ಹೋಗಿರುತ್ತದೆ. ಯಾವುದು ಅಂತ ಮಷೀನನ್ನೇ ಕೇಳೋಣ.

ಲಾಗಿನ್ ಪರದೆಯಲ್ಲಿದ್ದಾಗ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀಲಿಯನ್ನೂ ಸೇರಿಸಬೇಕಾಗುತ್ತದೆ. ಕಪ್ಪು ಪರದೆ ಬಂದು ಲಾಗಿನ್ ಅಂತ ಕೇಳುತ್ತದೆ. ಹೆದರಬೇಡಿ, ಏನೂ ಕೆಟ್ಟಿಲ್ಲ. ಅದೇ ಕಂಪ್ಯೂಟರಿಗೆ ಅದು ಇನ್ನೊಂದು ಬಾಗಿಲು. ಯೂಸರ್‌ನೇಮ್ ಕೊಡಿ, ಆಮೇಲೆ ಪಾಸ್‌ವರ್ಡ್. ವಾಪಸ್ ಹೋಗಬೇಕೆಂದರೆ ಕಂಟ್ರೋಲ್, ಆಲ್ಟ್, ಎಫ್7.

ವಿಜಯನಗರ_ಪಿಜಿ · 10.26

ಅಕ್ಕ, ಕಪ್ಪು ಪರದೆ ಬಂತು. ಆದರೆ ಪಾಸ್‌ವರ್ಡ್ ಟೈಪ್ ಮಾಡಿದರೆ ಏನೂ ಕಾಣುತ್ತಿಲ್ಲ. ಚುಕ್ಕೆ ಕೂಡ ಬರುತ್ತಿಲ್ಲ. ಕೀಬೋರ್ಡೂ ಹೋಯಿತಾ?

ಹಳೇ_ಟರ್ಮಿನಲ್ · 10.28

ಇಲ್ಲ ತಮ್ಮಾ. ಅಲ್ಲಿ ಪಾಸ್‌ವರ್ಡ್ ತೋರಿಸುವುದೇ ಇಲ್ಲ. ಎಷ್ಟು ಅಕ್ಷರ ಅಂತಲೂ ಪಕ್ಕದವರಿಗೆ ಗೊತ್ತಾಗಬಾರದಲ್ಲ. ಧೈರ್ಯವಾಗಿ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತು. ಪಾಸ್‌ವರ್ಡಿನಲ್ಲಿ ಅಂಕಿ ಇದ್ದರೆ ಮೇಲಿನ ಸಾಲಿನ ಅಂಕಿಗಳನ್ನೇ ಬಳಸು. ಬಲಗಡೆಯ ನಂಬರ್ ಪ್ಯಾಡ್ ಈ ಪರದೆಯಲ್ಲಿ ಒಮ್ಮೊಮ್ಮೆ ಆಫ್ ಆಗಿರುತ್ತದೆ.

ವಿಜಯನಗರ_ಪಿಜಿ · 10.33

ಒಳಗೆ ಹೋದೆ! ಡಾಲರ್ ಚಿಹ್ನೆ ಮಿನುಗುತ್ತಿದೆ. ಈಗ ಏನು ಮಾಡಲಿ?

ನಿರ್ವಾಹಕ · 10.35

ಹೊಸಬರಿಗೆ ಒಂದು ಮಾತು. ಇಲ್ಲಿ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆಯುತ್ತೇವೆ. ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡು ಬರೆಯುವ ಈ ಕಪ್ಪು ಪರದೆಯಲ್ಲಿ, ಅದನ್ನೇ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಪ್ರತ್ಯೇಕವಾಗಿ ಹೇಳುತ್ತೇವೆ. ಸುಮ್ನೆ ಕಾಪಿ ಪೇಸ್ಟ್ ಮಾಡಲು ಆಗದಿರುವುದೂ ಒಂದು ಲಾಭ ಅಂತ ನನ್ನ ಲೆಕ್ಕ. ಕೈಯಲ್ಲಿ ಟೈಪ್ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ.

ಕಪ್ಪು_ಪರದೆ · 10.37

`ಡಿಎಫ್ -ಎಚ್`

ಡಿಎಫ್ ಆದ ಮೇಲೆ ಒಂದು ಸ್ಪೇಸ್, ಆಮೇಲೆ ಅಡ್ಡಗೆರೆ ಮತ್ತು ಎಚ್, ಅವೆರಡರ ನಡುವೆ ಸ್ಪೇಸ್ ಬೇಡ. ಡಿಸ್ಕಿನ ಯಾವ ಪಾರ್ಟಿಷನ್‌ನಲ್ಲಿ (ಭಾಗದಲ್ಲಿ) ಎಷ್ಟು ಜಾಗ ಉಳಿದಿದೆ ಅಂತ ತೋರಿಸುತ್ತದೆ. ಯಾವುದನ್ನೂ ಬದಲಿಸುವುದಿಲ್ಲ, ಬರೀ ನೋಡುವ ಕಮಾಂಡು. ಕೊನೆಯಲ್ಲಿ ಒಂಟಿ ಓರೆಗೆರೆ ಇರುವ ಸಾಲನ್ನು ಹುಡುಕಿ ಇಲ್ಲಿ ಬರೆಯಿರಿ.

ಬಾಟ್_ಭಕ್ತ · 10.39

ಚಾಟ್‌ಬಾಟನ್ನು ಕೇಳಿದೆ, ಪರ್ಮಿಷನ್ ಸಮಸ್ಯೆಯಂತೆ. `ಸುಡೋ ಚ್‌ಮಾಡ್ -ಆರ್ 777 /` ಕೊಟ್ಟರೆ ಎಲ್ಲ ಸರಿ ಹೋಗುತ್ತದೆ ಅಂತಿದೆ.

ಹಳೇ_ಟರ್ಮಿನಲ್ · 10.40

ಪಿಜಿ ತಮ್ಮಾ, ಮೇಲಿನದನ್ನು ಟೈಪ್ ಮಾಡಬೇಡ. ಮಾಡಬೇಡ.

ಭಕ್ತ ಅವರೇ, ಅದು ಇಡೀ ಸಿಸ್ಟಂನ ಪ್ರತಿ ಫೈಲನ್ನೂ ಯಾರು ಬೇಕಾದರೂ ತಿದ್ದುವ ಹಾಗೆ ಮಾಡುತ್ತದೆ. ಅಷ್ಟೇ ಅಲ್ಲ. ಸುಡೋ ಪ್ರೋಗ್ರಾಂಗೆ ಸೆಟ್‌ಯುಐಡಿ ಎಂಬ ಒಂದು ಗುರುತು ಇರುತ್ತದೆ. ಆ ಗುರುತಿನಿಂದಲೇ ಅದಕ್ಕೆ ರೂಟ್ ಅಧಿಕಾರ ಸಿಗುವುದು. 777 ಕೊಟ್ಟರೆ ಅದು ಅಳಿಸಿಹೋಗುತ್ತದೆ, ಆಮೇಲೆ ಸುಡೋ ಕೆಲಸವನ್ನೇ ಮಾಡುವುದಿಲ್ಲ. ಅಂದರೆ ಕೊಟ್ಟ ಕಮಾಂಡನ್ನು ಹಿಂತೆಗೆಯುವ ದಾರಿಯೂ ಮುಚ್ಚಿತು. ಆಗ ನಿಜವಾಗಲೂ ರಾಜ ಹೇಳಿದ ಫಾರ್ಮ್ಯಾಟೇ ಗತಿ.

ಬಾಟ್ ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಡಿಸ್ಕ್ ನೋಡುವ ಮೊದಲೇ ಔಷಧಿ ಬರೆದುಕೊಟ್ಟರೆ ಅನುಮಾನ ಪಡಬೇಕು. ಬಾಟ್ ಆದರೂ ಸರಿ, ನಾನಾದರೂ ಸರಿ.

ನಿರ್ವಾಹಕ · 10.42

10.39ರ ಪೋಸ್ಟ್ ಅಳಿಸುತ್ತಿಲ್ಲ, ಕೆಳಗಿನ ಉತ್ತರ ಓದಲಿ ಅಂತ ಬಿಟ್ಟಿದ್ದೇನೆ. ಯಾರೂ ಆ ಕಮಾಂಡು ಕೊಡಬೇಡಿ.

ವಿಜಯನಗರ_ಪಿಜಿ · 10.46

ಕೊಟ್ಟಿಲ್ಲ, ಸದ್ಯ. ಆ ಸಾಲು ಹೀಗಿದೆ. ಸೈಜ್ 39 ಜಿ, ಯೂಸ್ಡ್ 37 ಜಿ, ಅವೇಲ್ 0, 100%.

ಒಂದು ಅರ್ಥವಾಗಲಿಲ್ಲ ಅಕ್ಕ. 39ರಲ್ಲಿ 37 ಹೋದರೆ 2 ಉಳಿಯಬೇಕಲ್ವಾ? ಸೊನ್ನೆ ಅಂತ ಯಾಕೆ?

ಕಪ್ಪು_ಪರದೆ · 10.55

ಒಳ್ಳೆ ಪ್ರಶ್ನೆ. ನಿಮ್ಮ ಸಮಸ್ಯೆಯ ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ ಪಾರ್ಟಿಷನ್ ಎಕ್ಸ್‌ಟ್4 ಎಂಬ ಲಿನಕ್ಸ್ ಫಾರ್ಮ್ಯಾಟಿನದು. ಅದನ್ನು ತಯಾರಿಸುವಾಗ ಬೇರೆ ಏನೂ ಹೇಳದಿದ್ದರೆ 5% ಜಾಗವನ್ನು ರೂಟ್‌ಗೆ ಅಂತ ಮೀಸಲಿಡುತ್ತದೆ. 39ರಲ್ಲಿ 5% ಅಂದರೆ ಹತ್ತಿರ ಹತ್ತಿರ 2 ಜಿಬಿ. ಡಿಸ್ಕ್ ತುಂಬಿದರೂ ಸಿಸ್ಟಂನ ಸೇವೆಗಳು ಉಸಿರಾಡಲಿ ಅಂತ ಈ ಏರ್ಪಾಡು. ಲಾಗಿನ್ ಪರದೆಯನ್ನು ಏಳಿಸುವ ಸೇವೆ ರೂಟ್ ಅಧಿಕಾರದಲ್ಲಿ ನಡೆಯುವುದರಿಂದ ಆ ಪರದೆ ಬರುತ್ತಿದೆ. ನಿಮ್ಮ ಡೆಸ್ಕ್‌ಟಾಪ್ ನಿಮ್ಮ ಹೆಸರಿನಲ್ಲಿ ನಡೆಯಬೇಕು, ನಿಮಗೆ ಒಂದು ಬೈಟ್ ಕೂಡ ಉಳಿದಿಲ್ಲ. ಅದಕ್ಕೇ ವಾಪಸ್ ಕಳಿಸುತ್ತಿದೆ.

128ರಲ್ಲಿ ಲಿನಕ್ಸ್‌ಗೆ ಬರೀ 39 ಕೊಟ್ಟಿರುವುದು ಜಿಪುಣತನ. ಉಳಿದದ್ದು ವಿಂಡೋಸ್ ಕೈಯಲ್ಲಿದೆ ಅಂತ ಕಾಣುತ್ತದೆ. ಅದು ಆಮೇಲಿನ ಮಾತು. ಈಗ ಜಾಗ ತಿಂದವರು ಯಾರು ನೋಡೋಣ.

`ಸುಡೋ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್`

ಟೈಪ್ ಮಾಡುವ ಮೊದಲು ಅರ್ಥ ಮಾಡಿಕೊಳ್ಳಿ. ಡಿಯು ಪ್ರತಿ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಅಂತ ಲೆಕ್ಕ ಹಾಕುತ್ತದೆ. ಎಕ್ಸ್ ಕೊಟ್ಟರೆ ಬೇರೆ ಪಾರ್ಟಿಷನ್ನಿಗೆ ಕಾಲಿಡುವುದಿಲ್ಲ. ಎಚ್ ಅಂದರೆ ಜಿಬಿ, ಎಂಬಿ ಅಂತ ನಮಗೆ ಓದಲು ಆಗುವ ಹಾಗೆ. ಡೆಪ್ತ್ 1 ಅಂದರೆ ಒಂದೇ ಹಂತ ಇಳಿದು ನಿಲ್ಲು. ನಡುವಿನ ಉದ್ದಗೆರೆಗೆ ಪೈಪ್ ಅನ್ನುತ್ತಾರೆ. ಎಡಗಡೆಯ ಉತ್ತರವನ್ನು ಬಲಗಡೆಯ ಕಮಾಂಡಿಗೆ ದಾಟಿಸುತ್ತದೆ. ಸಾರ್ಟ್ ಅದನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತದೆ. ಆ ಗೆರೆ ಎಂಟರ್ ಮೇಲಿನ ಕೀಲಿಯಲ್ಲಿ ಶಿಫ್ಟ್ ಜೊತೆ ಸಿಗುತ್ತದೆ. ಸುಡೋ ಇರುವುದರಿಂದ ಇನ್ನೊಮ್ಮೆ ಪಾಸ್‌ವರ್ಡ್ ಕೇಳುತ್ತದೆ, ಮಿಂಟ್‌ನಲ್ಲಿ ಆಗ ಅಕ್ಷರದ ಬದಲು ನಕ್ಷತ್ರ ಕಾಣುತ್ತದೆ.

ಫಾರ್ಮ್ಯಾಟ್_ರಾಜ · 10.58

ಇಷ್ಟು ಹೊತ್ತಿಗೆ ನಾನಾಗಿದ್ದರೆ ಇನ್‌ಸ್ಟಾಲ್ ಮುಗಿಸಿ ಊಟಕ್ಕೆ ಕೂತಿರುತ್ತಿದ್ದೆ 😄

ಹಳೇ_ಟರ್ಮಿನಲ್ · 11.01

ಆಮೇಲೆ ನಾಲ್ಕು ತಿಂಗಳಿಗೆ ಮತ್ತೆ ಇದೇ ಪರದೆ ಮುಂದೆ ಕೂರುತ್ತಿದ್ದೆ ರಾಜ. ತುಂಬಿಸಿದ್ದು ಯಾರು ಅಂತ ಗೊತ್ತಾಗದೆ ಖಾಲಿ ಮಾಡಿ ಏನು ಪ್ರಯೋಜನ?

ವಿಜಯನಗರ_ಪಿಜಿ · 11.06

ಕೊನೆಯ ಸಾಲುಗಳು ಹೀಗಿವೆ. ವಾರ್ 3.2 ಜಿ, ಹೋಮ್ 4.6 ಜಿ, ಯುಎಸ್‌ಆರ್ 8.4 ಜಿ, ಟೈಮ್‌ಶಿಫ್ಟ್ 20 ಜಿ. ಆಮೇಲೆ ಒಟ್ಟು 37 ಜಿ.

ಟೈಮ್‌ಶಿಫ್ಟ್ ಅಂದರೆ ಬ್ಯಾಕಪ್ ಅಲ್ವಾ? ಒಂದು ವಿಡಿಯೋ ನೋಡಿ ಆನ್ ಮಾಡಿದ್ದೆ. ಬೂಟ್, ಡೈಲಿ, ವೀಕ್ಲಿ ಎಲ್ಲಕ್ಕೂ ಟಿಕ್ ಹಾಕಿ ಅಂತ ಅದರಲ್ಲಿ ಹೇಳಿದ್ದರು.

ಕಪ್ಪು_ಪರದೆ · 11.20

ಸಿಕ್ಕಿಬಿದ್ದ. ಮಿಂಟ್ ಬಳಸುವವರಿಗೆ ಇದು ಹೊಸದಲ್ಲ. ಸಣ್ಣ ಡಿಸ್ಕಿನಲ್ಲಿ ಟೈಮ್‌ಶಿಫ್ಟ್ ಎಲ್ಲಕ್ಕೂ ಟಿಕ್ ಹಾಕಿದರೆ ಒಂದಲ್ಲ ಒಂದು ದಿನ ಇಲ್ಲಿಗೇ ಬರುತ್ತದೆ.

ಎರಡು ವಿಷಯ ತಿಳಿದುಕೊಳ್ಳಿ. ಒಂದು, ಟೈಮ್‌ಶಿಫ್ಟ್ ಕಾಯುವುದು ಸಿಸ್ಟಂ ಫೈಲುಗಳನ್ನು. ನಾವಾಗಿ ಸೇರಿಸದ ಹೊರತು ಹೋಮ್ ಫೋಲ್ಡರನ್ನು ಅದು ಬಿಟ್ಟುಬಿಡುತ್ತದೆ. ಅಂದರೆ ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನ ಇನ್ನೊಂದು ಪ್ರತಿ ಆ 20 ಜಿಬಿಯಲ್ಲಿ ಎಲ್ಲೂ ಇಲ್ಲ. ಒಳಗೆ ಹೋದ ತಕ್ಷಣ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಎರಡು, ಆ ಫೋಲ್ಡರನ್ನು ಆರ್‌ಎಂ ಕೊಟ್ಟು ಅಳಿಸಲು ಹೋಗಬೇಡಿ. ಟೈಮ್‌ಶಿಫ್ಟ್ ಮೂಲಕವೇ ಅಳಿಸಿ. ರೂಟ್ ಆಗಿ ಆರ್‌ಎಂ ಕೊಡುವಾಗ ಒಂದು ಸ್ಪೇಸ್ ಹೆಚ್ಚಾದರೂ ಬೇರೆ ಯಾವುದೋ ಫೋಲ್ಡರ್ ಹೋಗಿಬಿಡಬಹುದು, ಅಲ್ಲಿ ಕಸದ ಬುಟ್ಟಿ ಇರುವುದಿಲ್ಲ.

`ಸುಡೋ ಆಪ್ಟ್ ಕ್ಲೀನ್`

ಇದು ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್ ಫೈಲುಗಳನ್ನು ಅಳಿಸುತ್ತದೆ. ಇನ್‌ಸ್ಟಾಲ್ ಆದ ಪ್ರೋಗ್ರಾಂಗಳಿಗೆ ಏನೂ ಆಗುವುದಿಲ್ಲ. ಸ್ವಲ್ಪ ಉಸಿರು ಸಿಗುತ್ತದೆ. ಆಮೇಲೆ:

`ಸುಡೋ ಟೈಮ್‌ಶಿಫ್ಟ್ --ಲಿಸ್ಟ್`

ಸ್ನ್ಯಾಪ್‌ಶಾಟುಗಳ, ಅಂದರೆ ಟೈಮ್‌ಶಿಫ್ಟ್ ತೆಗೆದಿಟ್ಟ ನಕಲುಗಳ, ಪಟ್ಟಿ ಬರುತ್ತದೆ. ಪ್ರತಿಯೊಂದರ ಹೆಸರೂ ತಾರೀಖು ಮತ್ತು ಹೊತ್ತು. ಹಳೆಯದರಿಂದ ಶುರು ಮಾಡಿ ಒಂದೊಂದಾಗಿ:

`ಸುಡೋ ಟೈಮ್‌ಶಿಫ್ಟ್ --ಡಿಲೀಟ್ --ಸ್ನ್ಯಾಪ್‌ಶಾಟ್` ಆಮೇಲೆ ಸ್ಪೇಸ್ ಬಿಟ್ಟು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಆ ಹೆಸರು.

ಹೊಸದೊಂದನ್ನು ಉಳಿಸಿಕೊಳ್ಳಿ. ಪ್ರತಿ ಸಲ ಅಳಿಸಿದ ಮೇಲೆ ಡಿಎಫ್ ನೋಡಿ.

ವಿಜಯನಗರ_ಪಿಜಿ · 11.34

ಎರಡು ಅಳಿಸಿದೆ ಅಕ್ಕ. ಆದರೆ ಜಾಗ ಜಾಸ್ತಿ ಬಂದಿಲ್ಲ. ಒಂದೊಂದೂ ದೊಡ್ಡದೇ ಇರಬೇಕಲ್ಲ?

ಪೆನ್‌ಡ್ರೈವ್_ಪಂಡಿತ · 11.38

ಇದು ಹಾರ್ಡ್‌ಲಿಂಕ್ ಆಟ. ನಾನು ಹೇಳುತ್ತೇನೆ.

ಟೈಮ್‌ಶಿಫ್ಟ್ ಮೊದಲ ಸಲ ಇಡೀ ಸಿಸ್ಟಂ ನಕಲು ಮಾಡುತ್ತದೆ. ಮುಂದಿನ ಸಲ ಬದಲಾದ ಫೈಲುಗಳನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಬದಲಾಗದ ಫೈಲಿಗೆ ಹಳೆಯದನ್ನೇ ಇನ್ನೊಂದು ಹೆಸರಿನಿಂದ ತೋರಿಸುತ್ತದೆ. ಫೈಲು ಒಂದೇ, ಹೆಸರು ಹತ್ತು. ಹತ್ತೂ ಹೆಸರು ಹೋಗುವವರೆಗೆ ಆ ಫೈಲಿನ ಜಾಗ ಬಿಡುಗಡೆಯಾಗುವುದಿಲ್ಲ. ಹಾಗಾಗಿ ನಡುವಿನ ಒಂದನ್ನು ಅಳಿಸಿದರೆ ಅದರಲ್ಲಿ ಮಾತ್ರ ಇದ್ದ ಫೈಲುಗಳಷ್ಟೇ ಹೋಗುತ್ತವೆ. ಅಪ್‌ಡೇಟ್ ಜಾಸ್ತಿ ಆದ ವಾರದ ಸ್ನ್ಯಾಪ್‌ಶಾಟ್ ಅಳಿಸಿದಾಗ ಒಮ್ಮೆಲೇ ದೊಡ್ಡ ಜಾಗ ಸಿಗಬಹುದು. ಅಳಿಸುತ್ತಾ ಹೋಗಿ.

ವಿಜಯನಗರ_ಪಿಜಿ · ಭಾನುವಾರ, 12.10

ಈಗ ಡಿಎಫ್‌ನಲ್ಲಿ ಅವೇಲ್ 12 ಜಿ ತೋರಿಸುತ್ತಿದೆ! ಒಂದು ಸ್ನ್ಯಾಪ್‌ಶಾಟ್ ಮಾತ್ರ ಉಳಿಸಿದ್ದೇನೆ. ಎಫ್7ಗೆ ಬಂದು ಪಾಸ್‌ವರ್ಡ್ ಕೊಟ್ಟೆ, ಡೆಸ್ಕ್‌ಟಾಪ್ ಬಂತು. ರಿಪೋರ್ಟ್ ಇದೆ. ಪೆನ್‌ಡ್ರೈವಿಗೂ ಹಾಕಿದೆ, ಮೇಲ್‌ನಲ್ಲೂ ಕಳಿಸಿಕೊಂಡೆ. ಅಕ್ಕ, ಅಂಕಲ್, ಪಂಡಿತ್ ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಆದ ಮೇಲೆ ಮತ್ತೆ ಬರುತ್ತೇನೆ.

ಕಪ್ಪು_ಪರದೆ · 12.14

ಮಲಗುವ ಮುಂಚೆ ಟೈಮ್‌ಶಿಫ್ಟ್ ತೆರೆದು ಬೂಟ್ ಮತ್ತು ಡೈಲಿ ಟಿಕ್ ತೆಗೆಯಿರಿ. ವೀಕ್ಲಿ ಒಂದು ಸಾಕು, ಸಂಖ್ಯೆ 2 ಇಡಿ. ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಸ್ನ್ಯಾಪ್‌ಶಾಟ್ ಅಲ್ಲಿಗೇ ಹೋಗುವ ಹಾಗೆ ಮಾಡಬಹುದು, ಆದರೆ ಅದು ಎಕ್ಸ್‌ಟ್4 ಥರದ ಲಿನಕ್ಸ್ ಫಾರ್ಮ್ಯಾಟಿನಲ್ಲಿರಬೇಕು. ಅಂಗಡಿಯಿಂದ ತಂದ ಪೆನ್‌ಡ್ರೈವ್ ಹಾಗೇ ಹಾಕಿದರೆ ಒಪ್ಪುವುದಿಲ್ಲ.

ಸೈಲೆಂಟ್_ಓದುಗಿ · ಭಾನುವಾರ, ಬೆಳಗ್ಗೆ 8.20

ನಾನು ಬರೀ ಓದುವವಳು, ಬರೆಯುವುದು ಅಪರೂಪ. ಒಂದು ಅನುಮಾನ. ಇದೆಲ್ಲ ಮೌಸಿನಿಂದ ಆಗುವುದಿಲ್ಲವೇ? ಮಿಂಟ್‌ನಲ್ಲಿ ಡಿಸ್ಕ್ ಯೂಸೇಜ್ ಅನಲೈಜರ್ ಇದೆ, ಬಣ್ಣ ಬಣ್ಣದ ಚಕ್ರ ತೋರಿಸುತ್ತದೆ. ನಮ್ಮ ಅಪ್ಪ ಮೂರು ವರ್ಷದಿಂದ ಮಿಂಟ್ ಬಳಸುತ್ತಿದ್ದಾರೆ. ಪೇಪರ್ ಓದುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ. ಒಂದು ದಿನವೂ ಟರ್ಮಿನಲ್ ತೆರೆದಿಲ್ಲ. ಹೊಸಬರಿಗೆ ಕಪ್ಪು ಪರದೆ ತೋರಿಸಿ ಹೆದರಿಸುತ್ತೀರಿ ಅಂತ ನನಗೆ ಅನಿಸುತ್ತದೆ.

ಕಪ್ಪು_ಪರದೆ · 9.05

ನಿಮ್ಮ ಅಪ್ಪನಿಗೆ ಬೇಡ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ದಿನದ ಬಳಕೆಗೆ ಟರ್ಮಿನಲ್ ಕಡ್ಡಾಯ ಅನ್ನುವವರು ಲಿನಕ್ಸ್‌ಗೆ ಕೆಟ್ಟ ಹೆಸರು ತಂದಿದ್ದಾರೆ. ಆದರೆ ನಿನ್ನೆ ಡೆಸ್ಕ್‌ಟಾಪೇ ಏಳಲಿಲ್ಲ, ಚಕ್ರ ತೋರಿಸುವ ಪ್ರೋಗ್ರಾಂ ಎಲ್ಲಿ ತೆರೆಯುವುದು? ಇನ್ನೊಂದು ವಿಷಯ, ಫೋನಿನಲ್ಲಿ ಕೂತು ನಾನು ಬೇರೆಯವರ ಮಷೀನನ್ನು ನೋಡಬೇಕು. ಮೆನು ತೆರೆಯಿರಿ, ಎಡಗಡೆ ಮೂರನೆಯದು ಒತ್ತಿ ಅಂತ ಬರೆದರೆ ಅವರ ಮಿಂಟ್‌ನಲ್ಲಿ ಅದು ಬಲಗಡೆ ಇರುತ್ತದೆ. ಡಿಎಫ್ ಎಲ್ಲರಲ್ಲೂ ಡಿಎಫ್.

ಹಳೇ_ಟರ್ಮಿನಲ್ · 9.40

ಈ ಊರಿನಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಸಮ್ಮೇಳನ ಶುರುವಾಯಿತು, ಆಮೇಲೆ ಅದೇ ಫಾಸ್ ಡಾಟ್ ಇನ್ ಆಯಿತು. ಆಗ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯೇ ನಮಗೆ ಗತಿ, ಡೌನ್‌ಲೋಡ್ ಮಾಡುವಷ್ಟು ಇಂಟರ್‌ನೆಟ್ ಯಾರ ಮನೆಯಲ್ಲಿತ್ತು? ಮೋಡೆಮ್ ಹತ್ತಿಸಲು ಕೂಡ ಟರ್ಮಿನಲ್ ಬೇಕಾಗಿತ್ತು. ಇವತ್ತಿನ ಹುಡುಗರಿಗೆ ಆ ಪಾಡು ಬೇಡ, ಓದುಗಿ ಅವರ ಮಾತು ಸರಿ.

ಈಗಲೂ ಫಾಸ್ ಯುನೈಟೆಡ್ ಎಂಬ ಮುಕ್ತ ತಂತ್ರಾಂಶ ಸಂಘಟನೆಯವರು ಬೆಂಗಳೂರಿನಲ್ಲಿ ಮೀಟಪ್ ಮಾಡುತ್ತಾರೆ. ಅವರ 2024ರ ಇಂಡಿಯಾಫಾಸ್ ಸಮ್ಮೇಳನ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯಿತು. ಪಿಜಿ ತಮ್ಮಾ, ಬಿಡುವಾದಾಗ ಒಂದು ಮೀಟಪ್‌ಗೆ ಹೋಗು. ಪಕ್ಕದಲ್ಲಿ ಕೂತು ಕಲಿಸುವವರು ಸಿಗುತ್ತಾರೆ.

ವಿಜಯನಗರ_ಪಿಜಿ · ಮಂಗಳವಾರ, ಸಂಜೆ 7.15

ರಿಪೋರ್ಟ್ ಕೊಟ್ಟಾಯಿತು. ಈಗ ಟರ್ಮಿನಲ್ ಸರಿಯಾಗಿ ಕಲಿಯಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ? ಕಮಾಂಡುಗಳ ಪಟ್ಟಿ ಇರುವ ಪಿಡಿಎಫ್ ಇದೆ, 200 ಕಮಾಂಡು. ಬಾಯಿಪಾಠ ಮಾಡಲೇ?

ಕಪ್ಪು_ಪರದೆ · 7.50

ಬೇಡ. ಆ ಪಿಡಿಎಫ್ ಮುಚ್ಚಿಡಿ. ನಿಮ್ಮದೇ ಒಂದು ಕೆಲಸ ಹಿಡಿಯಿರಿ, ದಿನಾ ಬೇಸರ ತರಿಸುವ ಥರದ್ದು. ಏನಿದೆ ಹೇಳಿ?

ವಿಜಯನಗರ_ಪಿಜಿ · 7.54

ಲೆಕ್ಚರರ್ ಪ್ರತಿ ಕ್ಲಾಸಿನ ನೋಟ್ಸ್ ಬೇರೆ ಬೇರೆ ಪಿಡಿಎಫ್ ಕಳಿಸುತ್ತಾರೆ. ಎಲ್ಲ ಸೇರಿಸಿ ಜೆರಾಕ್ಸ್ ಅಂಗಡಿಗೆ ಒಂದೇ ಫೈಲ್ ಕೊಡಬೇಕು. ಈಗ ಯಾವುದೋ ವೆಬ್‌ಸೈಟಿಗೆ ಹಾಕಿ ಸೇರಿಸುತ್ತೇನೆ, ದಿನಕ್ಕೆ ಎರಡೇ ಸಲ ಬಿಡುತ್ತದೆ.

ಕಪ್ಪು_ಪರದೆ · 8.15

ಚಿನ್ನದಂಥ ಕೆಲಸ. ಇದೊಂದರಲ್ಲೇ ಅರ್ಧ ಪಾಠ ಮುಗಿಯುತ್ತದೆ.

`ಸಿಡಿ` ಕೊಟ್ಟು ನೋಟ್ಸ್ ಇರುವ ಫೋಲ್ಡರಿಗೆ ಹೋಗಿ. ಹೆಸರು ಪೂರ್ತಿ ಟೈಪ್ ಮಾಡಬೇಡಿ. ಎರಡು ಅಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ತುಂಬದಿದ್ದರೆ ಹೆಸರು ತಪ್ಪಿರಬಹುದು, ಅಥವಾ ಹಾಗೆ ಶುರುವಾಗುವ ಹೆಸರು ಒಂದಕ್ಕಿಂತ ಜಾಸ್ತಿ ಇರಬಹುದು. ಎರಡು ಸಲ ಟ್ಯಾಬ್ ಒತ್ತಿದರೆ ಇರುವುದನ್ನೆಲ್ಲ ತೋರಿಸುತ್ತದೆ. ಎಲ್ಲಿದ್ದೇನೆ ಅಂತ ಮರೆತರೆ `ಪಿಡಬ್ಲ್ಯುಡಿ`. ಏನೇನಿದೆ ನೋಡಲು `ಎಲ್‌ಎಸ್`.

ಸೇರಿಸುವ ಕಮಾಂಡು `ಪಿಡಿಎಫ್‌ಯುನೈಟ್`. ಸಿಗದಿದ್ದರೆ ಪಾಪ್ಲರ್-ಯುಟಿಲ್ಸ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಅದರ ಮುಂದೆ ಸೇರಿಸಬೇಕಾದ ಫೈಲುಗಳ ಹೆಸರು, ಕೊನೆಯಲ್ಲಿ ಹೊಸ ಫೈಲಿನ ಹೆಸರು. ಎಲ್ಲ ಪಿಡಿಎಫ್ ಅನ್ನಲು ನಕ್ಷತ್ರ ಚಿಹ್ನೆ, ಅದರ ಮುಂದೆ ಡಾಟ್ ಪಿಡಿಎಫ್.

ಹುಷಾರ್, ಇಲ್ಲಿ ಎರಡು ಅಪಾಯಗಳಿವೆ. ಕೊನೆಯ ಹೆಸರು ಮರೆತು ಬರೀ ನಕ್ಷತ್ರ ಕೊಟ್ಟರೆ ನಿಮ್ಮ ನೋಟ್ಸಿನಲ್ಲಿ ಕೊನೆಯ ಫೈಲನ್ನೇ ಹೊಸ ಫೈಲು ಅಂದುಕೊಂಡು ಅದರ ಮೇಲೆ ಬರೆದುಬಿಡುತ್ತದೆ. ಕೇಳುವುದೂ ಇಲ್ಲ. ಎರಡನೆಯದು, ಅಕ್ಷರದ ಲೆಕ್ಕದಲ್ಲಿ ಜೋಡಿಸುವುದರಿಂದ ನೋಟ್ಸ್1 ಆದ ಮೇಲೆ ನೋಟ್ಸ್10 ಬರುತ್ತದೆ, ಆಮೇಲೆ ನೋಟ್ಸ್2. ಹಾಗಾಗಿ 01, 02 ಅಂತ ಹೆಸರಿಡಿ. ಯಾವ ಸಾಲಿನಲ್ಲಿ ಬರುತ್ತದೆ ನೋಡಲು ಮೊದಲು `ಎಕೋ` ಹಾಕಿ ಅದೇ ನಕ್ಷತ್ರ ಕೊಡಿ. ಫೈಲುಗಳನ್ನು ಮುಟ್ಟದೆ ಹೆಸರುಗಳನ್ನು ಮಾತ್ರ ತೋರಿಸುತ್ತದೆ. ಅಳಿಸುವ ಕಮಾಂಡಿಗೂ ಇದೇ ಅಭ್ಯಾಸ ಇಟ್ಟುಕೊಳ್ಳಿ. ಮೊದಲು ಎಕೋ, ಕಣ್ಣಿನಿಂದ ನೋಡಿ, ಆಮೇಲೆ ಆರ್‌ಎಂ.

ಪೆನ್‌ಡ್ರೈವ್_ಪಂಡಿತ · 8.32

ಅನುಮಾನ ಬಂದರೆ `ಮ್ಯಾನ್` ಆಮೇಲೆ ಕಮಾಂಡಿನ ಹೆಸರು. ಹೊರಗೆ ಬರಲು ಕ್ಯೂ ಒತ್ತಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹೊಸಬರು ಟರ್ಮಿನಲ್ಲನ್ನೇ ಮುಚ್ಚುತ್ತಾರೆ. ಹಿಂದೆ ಕೊಟ್ಟ ಕಮಾಂಡು ಬೇಕೆಂದರೆ ಕಂಟ್ರೋಲ್ ಆರ್ ಒತ್ತಿ ಅದರ ನಡುವಿನ ಯಾವುದಾದರೂ ನಾಲ್ಕು ಅಕ್ಷರ ಟೈಪ್ ಮಾಡಿ. ನಡೆಯುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್ ಸಿ. ಟರ್ಮಿನಲ್ಲಿನಲ್ಲಿ ಕಾಪಿಗೆ ಕಂಟ್ರೋಲ್ ಶಿಫ್ಟ್ ಸಿ ಆಗಿರುವುದು ಅದಕ್ಕೇ.

ಫಾರ್ಮ್ಯಾಟ್_ರಾಜ · 8.50

ಸುಮ್ನೆ ನನ್ನ ಲ್ಯಾಪ್‌ಟಾಪಿನಲ್ಲೂ ಡಿಎಫ್ ಕೊಟ್ಟೆ. 94%. ಯಾರೂ ನಗಬೇಡಿ. ಟೈಮ್‌ಶಿಫ್ಟ್ ಹಾಕೇ ಇಲ್ಲ, ವಾರ್ ಫೋಲ್ಡರ್ 14 ಜಿ ಇದೆ.

ಕಪ್ಪು_ಪರದೆ · 8.58

ಇನ್ನೊಂದು ಹಂತ ಇಳಿದು ನೋಡಿ ರಾಜ. ಅದೇ ಡಿಯು, ಓರೆಗೆರೆಯ ಬದಲು /ವಾರ್ ಕೊಡಿ. ಲಾಗ್ ಆಗಿದ್ದರೆ `ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್` ಎಷ್ಟು ಅಂತ ಹೇಳುತ್ತದೆ. `ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ` ಕೊಟ್ಟರೆ ಹಳೆಯದನ್ನು ಕತ್ತರಿಸುತ್ತದೆ. ಅಲ್ಲಿ ಎಂ ಮಾತ್ರ ದೊಡ್ಡಕ್ಷರ. ಕತ್ತರಿಸುವ ಮೊದಲು ಯಾವ ಪ್ರೋಗ್ರಾಂ ಅಷ್ಟೊಂದು ಕೂಗುತ್ತಿದೆ ಅಂತ ಓದಿ. ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕಿದ ಪ್ರೋಗ್ರಾಂಗಳಾಗಿದ್ದರೆ ಅದಕ್ಕೆ ಬೇರೆ ದಾರಿ, ಇಲ್ಲಿ ಬರೆಯಿರಿ.

ವಿಜಯನಗರ_ಪಿಜಿ · ಬುಧವಾರ, ರಾತ್ರಿ 9.05

ನೋಟ್ಸ್ ಸೇರಿತು ಅಕ್ಕ. ಎಕೋ ಹಾಕಿ ನೋಡಿದ್ದಕ್ಕೆ 10 ಮೊದಲು ಬಂದಿದ್ದು ಗೊತ್ತಾಯಿತು.

ಕೊನೆಯದಾಗಿ ಒಂದು. ಇಲ್ಲಿಯವರೆಗೆ ಫೋನಿನಿಂದಲೇ ಕನ್ನಡ ಬರೆಯುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ನುಡಿ ಥರ ಟೈಪ್ ಮಾಡಬೇಕು. ವಿಂಡೋಸ್‌ನಲ್ಲಿ ಅದೇ ಅಭ್ಯಾಸ.

ಹಳೇ_ಟರ್ಮಿನಲ್ · 9.30

ಎರಡು ದಾರಿ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಅಂತ ಇರುತ್ತದೆ, ಏನೂ ಇನ್‌ಸ್ಟಾಲ್ ಮಾಡದೆ ಸೇರಿಸಬಹುದು. ಆದರೆ ಅದು ಹಿಂದಿನ ಅಕ್ಷರ ನೋಡಿ ಸ್ವರವನ್ನು ಬದಲಿಸುವುದಿಲ್ಲ, ನುಡಿಗೆ ಒಗ್ಗಿದ ಕೈಗೆ ಕಿರಿಕಿರಿ. ನಿನಗೆ ಎರಡನೆಯದೇ ಸರಿ.

`ಸುಡೋ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್ ಫಾಂಟ್ಸ್-ಕೆಎನ್‌ಡಿಎ`

ಎರಡನೆಯ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಬರುತ್ತವೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಮೆಥಡ್ ಐಬಸ್ ಅಂತ ಆರಿಸಿ, ಲಾಗೌಟ್ ಆಗಿ ಮತ್ತೆ ಬಾ. ಆಮೇಲೆ `ಐಬಸ್-ಸೆಟಪ್` ಕೊಟ್ಟು ಕನ್ನಡದ ಕೆಳಗೆ ಕೆಜಿಪಿ ಸೇರಿಸು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸವೇ ಅದರ ಬುನಾದಿ, ನುಡಿಯದೂ ಅದೇ. ಒತ್ತಕ್ಷರಕ್ಕೆ ಎಫ್ ಕೀಲಿ, ಅಲ್ಲಿಯ ಹಾಗೇ.

ವಿಜಯನಗರ_ಪಿಜಿ · 9.52

ಇದನ್ನು ಲ್ಯಾಪ್‌ಟಾಪಿನಿಂದಲೇ ಬರೆಯುತ್ತಿದ್ದೇನೆ ಅಂಕಲ್. ಒತ್ತಕ್ಷರ ಸರಿ ಬರುತ್ತಿದೆ. ಬ್ರೌಸರಿನಲ್ಲಿ ಮಾತ್ರ ಅಕ್ಷರ ತುಂಬಾ ಚಿಕ್ಕದು.

ಸೈಲೆಂಟ್_ಓದುಗಿ · 10.05

ಅದು ಮೌಸಿನಿಂದಲೇ ಆಗುತ್ತದೆ 🙂 ಫೈರ್‌ಫಾಕ್ಸ್ ಸೆಟ್ಟಿಂಗ್ಸ್, ಫಾಂಟ್ಸ್, ಅಡ್ವಾನ್ಸ್ಡ್. ಮೇಲೆ ಕನ್ನಡ ಆರಿಸಿ, ಸೈಜ್ 18 ಇಡಿ.